ಎರಡು ಸಾವಿರ ಮೈಲಿಯ ಬಂಡಿ ಪಯಣ

ಬಿಳಿಯ ಕಮಾನು ಹೊದ್ದ ಬಂಡಿಗಳು ನಾಗಾಲೋಟದಲ್ಲಿ ಸಾಗುವುದನ್ನು ನೀವು ಅಮೆರಿಕದ ಚಲನಚಿತ್ರಗಳಲ್ಲಿ ಕಂಡಿರಬಹುದು. ಒಳಗೆ ಸಂಸಾರ, ಮುಂದೆ ಕುದುರೆ. ನಿಜವಾಗಿ ನಡೆದದ್ದು ಹಾಗಲ್ಲ.

1840ರ ದಶಕದಲ್ಲಿ ಮಿಸೌರಿ ನದಿಯ ಕಡೆಯ ಊರುಗಳಿಂದ ಪಶ್ಚಿಮದ ಆರೆಗಾನ್ ಸೀಮೆಗೆ ಕುಟುಂಬಗಳು ಗುಂಪುಗುಂಪಾಗಿ ಹೊರಟವು. ದಾರಿ ಸುಮಾರು 2,000 ಮೈಲಿ. ಹಿಡಿಯುವ ಕಾಲ ಐದಾರು ತಿಂಗಳು. ಬಂಡಿ ಎಳೆದವು ಹೆಚ್ಚಾಗಿ ಎತ್ತುಗಳೇ. ಅವುಗಳ ನಡಿಗೆ ನಿಧಾನ, ನಿಜ. ಆದರೆ ಬೆಲೆ ಕಡಮೆ, ದಾರಿಯ ಹುಲ್ಲೇ ಮೇವು.

ಬಂಡಿಯ ಒಳಗೆ ಸುಮಾರು 10 ಅಡಿ ಉದ್ದ, 4 ಅಡಿ ಅಗಲದ ಜಾಗ. ಮೇಲೆ ಅಗಸೆ ಎಣ್ಣೆ ಸವರಿದ ದಪ್ಪ ಹತ್ತಿಬಟ್ಟೆ. ಹಿಟ್ಟು, ಒಣಮಾಂಸ, ಕಾಫಿ, ಹಾಸಿಗೆ, ನೇಗಿಲು ಎಲ್ಲ ಅಷ್ಟರಲ್ಲೇ ಹಿಡಿಸಬೇಕು. ಆದ್ದರಿಂದ ಮೈಯಲ್ಲಿ ಶಕ್ತಿಯಿದ್ದವರು, ಮಕ್ಕಳು ಸಹ, ಬಂಡಿಯ ಪಕ್ಕದಲ್ಲಿ ನಡೆದೇ ಹೋದರು. ಏರಿನಲ್ಲಿ ಎತ್ತು ಸೋತಾಗ ತವರಿನಿಂದ ತಂದ ಪೆಟ್ಟಿಗೆ, ಕಬ್ಬಿಣದ ಒಲೆಗಳನ್ನು ಹಾದಿಯಲ್ಲೇ ಬಿಡಬೇಕಾಗುತ್ತಿತ್ತು. ಒಣಹವೆಗೆ ಮರ ಕುಗ್ಗಿ ಚಕ್ರದ ಪಟ್ಟಿ ಸಡಿಲವಾದರೆ, ಚಕ್ರವನ್ನು ಹೊಳೆಯಲ್ಲಿ ನೆನೆಯಿಡುತ್ತಿದ್ದರು.

ಇವರಲ್ಲಿ ಅನೇಕರನ್ನು ಬಲಿ ತೆಗೆದುಕೊಂಡದ್ದು ಬಾಣವಲ್ಲ, ಕಾಲರಾ. ಇನ್ನೊಂದು ಮಾತನ್ನೂ ಮರೆಯಬಾರದು: ಅವರು ಹಾದುಹೋದ ನೆಲ ಖಾಲಿಯಾಗಿರಲಿಲ್ಲ. ಅದು ಮೂಲನಿವಾಸಿಗಳ ನೆಲ. ಬಂಡಿಗಳು ಹೆಚ್ಚಿದಂತೆ ಅವರ ಹುಲ್ಲುಗಾವಲೂ ಬೇಟೆಯೂ ಕುಗ್ಗಿದವು. ಹೊಸಬರಿಗೆ ದೊರೆತ ಹೊಲ ಹಳಬರ ಕೈತಪ್ಪಿತು.

1869ರಲ್ಲಿ ಪೂರ್ವ ಪಶ್ಚಿಮಗಳನ್ನು ರೈಲುಹಾದಿ ಕೂಡಿಸಿತು. ತಿಂಗಳುಗಳ ಪಯಣ ದಿನಗಳದಾಯಿತು. ವಯೋಮಿಂಗ್ ಪ್ರಾಂತದ ಗರ್ನ್ಸಿ ಬಳಿ, ಮರಳುಗಲ್ಲನ್ನೇ ಆಳವಾಗಿ ಸವೆಸಿದ ಬಂಡಿಯ ಜಾಡು ಮಾತ್ರ ಈಗಲೂ ಉಳಿದಿದೆ.