ಚೀಟಿ ಬರೆಯುವವರು ಯಾರು?

(ಸಿಂಗಾಪುರದ ಕಾಕಿ ಬುಕಿತ್‌ನಲ್ಲಿ ನೆರೆದಿದ್ದ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹರೂಪ)



ಮಲಯ ಭಾಷೆಯಲ್ಲಿ ಕಾಕಿ ಎಂದರೆ ಕಾಲು, ಬುಕಿತ್ ಎಂದರೆ ಗುಡ್ಡ. ಗುಡ್ಡದ ಬುಡ ಎಂದು ಹೆಸರಾದ ಈ ಜಾಗದಲ್ಲಿ ಈಗ ಕಣ್ಣಿಗೆ ಬೀಳುವುದು ಕಾರ್ಖಾನೆಗಳು, ಗೋದಾಮುಗಳು, ಕಾರು ರಿಪೇರಿಯ ಗ್ಯಾರೇಜುಗಳು ಮತ್ತು ವಲಸೆ ಕಾರ್ಮಿಕರ ವಸತಿಗೃಹಗಳು. 2017ರಲ್ಲಿ ಮೆಟ್ರೊ ನಿಲ್ದಾಣವೂ ಬಂತು. ಹೆಸರು ಹಳೆಯದು, ಊರು ಹೊಸದು. ಹಳೆಯ ಹಾಡು ಮತ್ತು ಹೊಸ ಹಾಡಿನ ನಡುವಿನ ಜಗಳವನ್ನು ಕುರಿತು ಮಾತಾಡುವುದಕ್ಕೆ ಇದು ತಕ್ಕ ಸ್ಥಳ.

ಜಗಳ ಮೇಲ್ನೋಟಕ್ಕೆ ಸಣ್ಣದು. ಐವತ್ತು ವರ್ಷ ಹಳೆಯ ಪ್ರೋಗ್ರೆಸಿವ್ ರಾಕ್ ತಂಡವೊಂದು ವೇದಿಕೆ ಏರುತ್ತದೆ. ಇರುವುದು ಎರಡೂವರೆ ಗಂಟೆ. ಯಾವ ಹಾಡು ಇರಬೇಕು, ಯಾವುದು ಬೇಡ ಎಂದು ಅಭಿಮಾನಿಗಳು ಕಾರ್ಯಕ್ರಮಕ್ಕೆ ಮೊದಲೇ ವಾದ ಆರಂಭಿಸುತ್ತಾರೆ. ಮುಗಿದು ತಿಂಗಳಾದರೂ ನಿಲ್ಲಿಸುವುದಿಲ್ಲ. ಹೊರಗಿನವರಿಗೆ ಇದು ಬಿಡುವಿದ್ದವರ ಹರಟೆ. ಆದರೆ ಈ ಹರಟೆಯೊಳಗೆ ಒಂದು ಗಂಭೀರ ಪ್ರಶ್ನೆ ಅಡಗಿದೆ: ನೆನಪಿನ ಮೇಲೆ ಒಡೆತನ ಯಾರದು?

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಹಾಡು ಇಕ್ಕಟ್ಟೆನಿಸಿತು. ಅವರು ಇಪ್ಪತ್ತು ನಿಮಿಷದ ರಚನೆಗಳನ್ನು ಕಟ್ಟಿದರು; ಜಾಝ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜನಪದ ಎಲ್ಲವನ್ನೂ ಬೆರೆಸಿದರು; ಐದು, ಏಳು ಎಣಿಕೆಯ ಲಯಗಳಿಗೆ ಕೈಹಾಕಿದರು. ಖಂಡಛಾಪು, ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಈ ಲಯಗಳು ತೀರ ಪರಕೀಯವೇನಲ್ಲ. ಆ ಸಂಗೀತಕ್ಕೆ ಬಿದ್ದ ಹೆಸರಿನಲ್ಲೇ ಮುನ್ನಡೆ ಇದೆ. ಆದರೆ ಇಂದು ಅದರ ಸಭಾಂಗಣ ತುಂಬುವವರಲ್ಲಿ ಬಹಳ ಮಂದಿಗೆ ಬೇಕಿರುವುದು 1970ರ ದಶಕ. ಮುಂದಕ್ಕೆ ಹೋಗುವ ಪ್ರತಿಜ್ಞೆ ಮಾಡಿದ ಕಲೆಯನ್ನು ಅದರ ಪ್ರೇಮಿಗಳೇ ಹಿಂದಕ್ಕೆ ಎಳೆಯುತ್ತಾರೆ.

ಈ ಎಳೆತಕ್ಕೆ ಕಲಾವಿದರು ಕೊಟ್ಟ ಉತ್ತರಗಳು ಬೇರೆ ಬೇರೆ. ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್ ದೀರ್ಘಕಾಲ ‘ಇಲ್ಲ’ ಎಂದರು. 1981ರಲ್ಲಿ ಹೊಸ ಸಂಗಾತಿಗಳೊಂದಿಗೆ ತಂಡ ಮತ್ತೆ ಕಟ್ಟಿದಾಗ, ಅವರಿಗೆ ಕೀರ್ತಿ ತಂದ 1969ರ ಮೊದಲ ಆಲ್ಬಮಿನ ಒಂದು ಹಾಡೂ ವೇದಿಕೆಗೆ ಬರಲಿಲ್ಲ. 1974ರ ‘ಸ್ಟಾರ್‌ಲೆಸ್’ ರಚನೆಯನ್ನು ಆ ತಂಡದಿಂದ ಮತ್ತೆ ಕೇಳಲು ಅಭಿಮಾನಿಗಳು 2014ರವರೆಗೆ, ಅಂದರೆ ನಲವತ್ತು ವರ್ಷ, ಕಾಯಬೇಕಾಯಿತು. ಆಗಲೂ ಹಳೆಯದು ಹಳೆಯ ರೂಪದಲ್ಲಿ ಬರಲಿಲ್ಲ. ಮೂವರು ಡ್ರಮ್ ವಾದಕರು ವೇದಿಕೆಯ ಮುಂಭಾಗಕ್ಕೆ ಬಂದರು, ಗಿಟಾರಿನವರು ಹಿಂದಿನ ಸಾಲಿಗೆ ಸರಿದರು. ಹಾಡುಗಳ ಪಟ್ಟಿಯನ್ನು ಫ್ರಿಪ್ ದಿನದಿನವೂ ಹೊಸದಾಗಿ ಬರೆಯುತ್ತಿದ್ದರು. ಹಳೆಯ ಹಾಡನ್ನು ಅವರು ನಿರಾಕರಿಸಲಿಲ್ಲ. ಅದನ್ನು ಕೇಳುವ ಅಭ್ಯಾಸವನ್ನು ನಿರಾಕರಿಸಿದರು.

ಕೆನಡಾದ ರಶ್ ತಂಡದ ಉತ್ತರ ಇನ್ನೊಂದು ಬಗೆಯದು. 2015ರ ಪ್ರವಾಸದಲ್ಲಿ ಅವರು ಹೊಸ ಹಾಡಿನಿಂದ ಆರಂಭಿಸಿ ವರ್ಷ ವರ್ಷವೂ ಹಿಂದಕ್ಕೆ ನಡೆದರು. ಹಾಡುಗಳು ಹಿಂದಕ್ಕೆ ಹೋದಂತೆ ವೇದಿಕೆಯ ಸಲಕರಣೆಗಳೂ ಒಂದೊಂದಾಗಿ ಕಳಚಿಕೊಂಡವು. ಕೊನೆಗೆ ಉಳಿದದ್ದು ಶಾಲೆಯ ಜಿಮ್ ಕೋಣೆಯಂಥ ಬರಿದು ಜಾಗ, ಕುರ್ಚಿಯ ಮೇಲಿಟ್ಟ ಆಂಪ್ಲಿಫೈಯರು. ಹಳೆಯದನ್ನು ಕೇಳಿದವರಿಗೆ ಹಳೆಯದು ಸಿಕ್ಕಿತು. ಆದರೆ ನಡುವಿನ ನಲವತ್ತು ವರ್ಷಗಳ ದುಡಿಮೆಯನ್ನು ದಾಟಿಯೇ ಅವರು ಅಲ್ಲಿಗೆ ತಲುಪಬೇಕಾಯಿತು. ಆ ಪ್ರವಾಸದ ಕೊನೆಯ ಕಾರ್ಯಕ್ರಮವೇ ಡ್ರಮ್ ವಾದಕ ನೀಲ್ ಪೀರ್ಟ್ ಅವರು ಆ ತಂಡದೊಂದಿಗೆ ನೀಡಿದ ಕೊನೆಯ ಕಾರ್ಯಕ್ರಮವಾಯಿತು. 2020ರ ಜನವರಿಯಲ್ಲಿ ಅವರು ತೀರಿಕೊಂಡರು.

ಮೂರನೆಯ ಉದಾಹರಣೆ ಇಲ್ಲಿರುವವರಿಗೆ ಹೆಚ್ಚು ಹತ್ತಿರದ್ದು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನಲ್ಲಿ ಹಾಡಿದರು. ಮುಂದೆ ಅವರ ಕಾರ್ಯಕ್ರಮಗಳಲ್ಲಿ ಯುದ್ಧ, ಗಡಿ, ಸರ್ವಾಧಿಕಾರದ ವಿರುದ್ಧದ ಮಾತು ಹೆಚ್ಚುತ್ತ ಹೋಯಿತು. 2018ರಲ್ಲಿ ಬ್ರೆಜಿಲ್‌ನ ಚುನಾವಣೆಯ ಹೊತ್ತಿನಲ್ಲಿ ಸಾವೊ ಪಾಲೊ ನಗರದ ವೇದಿಕೆಯ ಪರದೆಯ ಮೇಲೆ ಬೊಲ್ಸೊನಾರೊ ಹೆಸರು ಜಗತ್ತಿನ ಬಲಪಂಥೀಯ ನಾಯಕರ ಸಾಲಿನಲ್ಲಿ ಮೂಡಿದಾಗ ಸಭೆ ಎರಡಾಗಿ ಒಡೆಯಿತು: ಒಂದು ಪಾಲು ಕೂಗಿ ಧಿಕ್ಕರಿಸಿತು, ಇನ್ನೊಂದು ಪಾಲು ಚಪ್ಪಾಳೆ ತಟ್ಟಿತು. ಹಾಡು ಬೇಕು, ರಾಜಕೀಯ ಬೇಡ ಎಂಬುದು ಮೊದಲಿನವರ ವಾದ. ವಾಟರ್ಸ್ ಅವರ ಎಲ್ಲ ನಿಲುವುಗಳನ್ನೂ ಒಪ್ಪಬೇಕಾಗಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಅವರು ಬೇಡವೆಂದ ರಾಜಕೀಯ ಅವರು ಬೇಕೆಂದ ಹಾಡುಗಳೊಳಗೆ ಮೊದಲಿನಿಂದಲೂ ಇತ್ತು. ರಾಗ ಬಾಯಿಪಾಠವಾಗಿತ್ತು, ಅರ್ಥ ಕಿವಿಗೆ ಬಿದ್ದಿರಲಿಲ್ಲ.

ಸಭೆಯನ್ನು ಗೇಲಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಸಂಬಳದಲ್ಲಿ ಉಳಿಸಿ ಟಿಕೆಟು ಕೊಂಡವರು, ಮೂವತ್ತು ವರ್ಷ ಒಂದೇ ಹಾಡಿಗಾಗಿ ಕಾದವರು ಅದನ್ನು ಕೇಳಿದರೆ ತಪ್ಪೇನು? ಕರ್ನಾಟಕ ಸಂಗೀತದ ಕಛೇರಿಯಲ್ಲಿ ರಸಿಕರು ಚೀಟಿ ಬರೆದು ವೇದಿಕೆಗೆ ಕಳಿಸುವ ವಾಡಿಕೆ ಇದೆ. ಗಾಯಕರು ಅದನ್ನು ಓದಿ, ಪಕ್ಕವಾದ್ಯದವರತ್ತ ಒಮ್ಮೆ ನೋಡಿ, ಕೆಲವನ್ನು ಹಾಡುತ್ತಾರೆ, ಕೆಲವನ್ನು ಮಡಚಿ ತೊಡೆಯ ಕೆಳಗೆ ಇಡುತ್ತಾರೆ. ಚೀಟಿ ಕಳಿಸುವುದು ರಸಿಕರ ಹಕ್ಕು, ಮಡಚಿಡುವುದು ಗಾಯಕರ ಹಕ್ಕು. ಎರಡೂ ಉಳಿದಿರುವವರೆಗೆ ಕಛೇರಿ ಜೀವಂತ. ಕಲಾವಿದರು ಎಲ್ಲ ಚೀಟಿಗಳಿಗೂ ತಲೆಬಾಗಿದರೆ ಅದು ಸೇವೆಯಾಗುತ್ತದೆ. ಯಾವ ಚೀಟಿಯನ್ನೂ ತೆರೆಯದಿದ್ದರೆ ಅಹಂಕಾರವಾಗುತ್ತದೆ.

ಮೂರನೆಯವರೊಬ್ಬರು ಚೀಟಿಗಳನ್ನೇ ಕಿತ್ತುಕೊಳ್ಳುವುದೂ ಉಂಟು. 1972ರಲ್ಲಿ ಲೆಡ್ ಜೆಪ್ಲಿನ್ ತಂಡದ ಸಿಂಗಾಪುರದ ಕಾರ್ಯಕ್ರಮ ರದ್ದಾಯಿತು. ಕಾರಣ ಅವರ ಉದ್ದ ಕೂದಲು. ಅಂದು ಯಾವ ಹಾಡು ಇರಬೇಕು ಎಂಬ ವಾದಕ್ಕೆ ಎಡೆಯೇ ಇರಲಿಲ್ಲ. ಪಟ್ಟಿಯ ಬಗ್ಗೆ ಜಗಳವಾಡಲು ಸಾಧ್ಯವಾಗುವುದೂ ಒಂದು ಸ್ವಾತಂತ್ರ್ಯ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ.

ಇನ್ನು ಕನ್ನಡದ ಪಟ್ಟಿಗೆ ಬರೋಣ. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಅಗಂ’ ತಂಡ ತ್ಯಾಗರಾಜರ ಕೃತಿಗಳನ್ನು ಪ್ರೋಗ್ರೆಸಿವ್ ರಾಕ್ ರೂಪದಲ್ಲಿ ಹಾಡುತ್ತ ಬಂದಿದೆ. ಕೃತಿಯನ್ನು ಮುಟ್ಟಬಾರದು ಎನ್ನುವವರು ಒಂದು ಕಡೆ. ಮುಟ್ಟಿದ್ದರಿಂದಲೇ ತಮಗೆ ಅದು ದಕ್ಕಿತು ಎನ್ನುವವರು ಇನ್ನೊಂದು ಕಡೆ. ರಘು ದೀಕ್ಷಿತ್ ಅವರ 2008ರ ಆಲ್ಬಮಿನ ಮೂಲಕ ಶಿಶುನಾಳ ಶರೀಫರ ಪದಗಳು ಗಿಟಾರಿನ ಜೊತೆ ಹೊಸ ತಲೆಮಾರಿಗೆ ತಲುಪಿದವು. ಅದಕ್ಕೂ ಮೊದಲು ಅದೇ ಶರೀಫರನ್ನು ಸಿ. ಅಶ್ವಥ್ ಮನೆಮನೆಗೆ ಮುಟ್ಟಿಸಿದ್ದರು. ಇಬ್ಬರ ಮುಂದೆಯೂ ಸಭಿಕರು ಶರೀಫರನ್ನೇ ಮತ್ತೆ ಮತ್ತೆ ಕೇಳಿದರು. ಇದು ಸಂತೋಷದ ವಿಷಯವೇ. ಆದರೆ ಶರೀಫರು ಬರೆದ ನೂರಾರು ಪದಗಳಲ್ಲಿ ವೇದಿಕೆಗೆ ಬರುವುದು ಬೆರಳೆಣಿಕೆಯಷ್ಟು. ಉಳಿದವು ಮಡಚಿದ ಚೀಟಿಗಳಾಗಿವೆ.

ಹೊರದೇಶದ ಕನ್ನಡಿಗರ ರಾಜ್ಯೋತ್ಸವದ ಪಟ್ಟಿಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ನಾಡು-ನುಡಿಯ ಎರಡು ಗೀತೆ, ಒಂದೆರಡು ಭಾವಗೀತೆ, ಹಳೆಯ ಚಿತ್ರಗೀತೆ, ಒಂದು ದಾಸರ ಪದ, ಒಂದು ವಚನ. ವಚನ ಬೇಕು, ಆದರೆ ಭಕ್ತಿಯದು. ಜಾತಿಯನ್ನು ನೇರವಾಗಿ ತಿವಿಯುವ ವಚನ ಸಭೆಗೆ ‘ಹೊಂದುವುದಿಲ್ಲ’. ಕುಲವನ್ನು ಪ್ರಶ್ನಿಸುವ ಕನಕದಾಸರ ಕೀರ್ತನೆಯನ್ನು ತಲೆದೂಗುತ್ತ ಕೇಳಿದವರೇ ಮರುದಿನ ಮಗಳ ಮದುವೆಗೆ ಕುಲ ನೋಡಿ ಜಾತಕ ತರಿಸುತ್ತಾರೆ. ವಾಟರ್ಸ್ ಸಭೆಯಲ್ಲಿ ಕೂಗಿದವರಿಗೂ ಇವರಿಗೂ ಹೆಚ್ಚು ಅಂತರವಿಲ್ಲ. ದೇಶ ಬಿಟ್ಟ ವರ್ಷದಲ್ಲೇ ಕರ್ನಾಟಕವನ್ನು ನಿಲ್ಲಿಸಿಕೊಂಡವರಿಗೆ, ಆ ವರ್ಷದ ನಂತರ ಅಲ್ಲಿ ಹುಟ್ಟಿದ ಹಾಡು, ಸಿಟ್ಟು, ಕನಸು ಯಾವುದೂ ಪಟ್ಟಿಯಲ್ಲಿ ಕಾಣುವುದಿಲ್ಲ.

ಪ್ರಗತಿಪರರು ಇಲ್ಲಿಗೆ ನಿಟ್ಟುಸಿರು ಬಿಡಬೇಕಾಗಿಲ್ಲ; ಅವರ ಬಳಿಯೂ ಒಂದು ಪಟ್ಟಿ ಇದೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅದು ಯಾರ ಚೀಟಿಗೂ ಕಾಯದೆ ಸಭೆಯೊಳಗೆ ನುಗ್ಗಿತ್ತು. ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಆ ಹಾಡುಗಳು ಎದ್ದು ನಿಂತಾಗ ಸಾಹಿತ್ಯದ ಮರ್ಯಾದೆಯೇ ಅಲುಗಾಡಿತು. ಐವತ್ತು ವರ್ಷಗಳ ನಂತರವೂ ಹೋರಾಟದ ಸಭೆಗಳು ಅವೇ ನಾಲ್ಕೈದು ಹಾಡುಗಳಿಂದ ಆರಂಭವಾಗುತ್ತವೆ. ಎಲ್ಲರಿಗೂ ಸಾಲು ಗೊತ್ತು, ಎಲ್ಲರೂ ದನಿಗೂಡಿಸುತ್ತಾರೆ, ಕಣ್ಣು ತೇವವಾಗುತ್ತದೆ. ಯಾರಿಗೂ ನೋವಾಗುವುದಿಲ್ಲ. ಸುಡುತ್ತಿದ್ದ ಹಾಡು ಈಗ ಬೆಚ್ಚಗಿಡುತ್ತಿದೆ. ಇದು ಹಾಡಿನ ಸೋಲಲ್ಲ, ಕೇಳುವವರ ಸೋಲು. ಇಂದು ಬರೆಯುತ್ತಿರುವ ಹೆಣ್ಣುಮಕ್ಕಳು, ಪೌರಕಾರ್ಮಿಕರ ಮನೆಯ ತರುಣರು ಬೆಂಗಳೂರಿನಲ್ಲೂ ರಾಯಚೂರಿನಲ್ಲೂ ಹೊಸ ಹಾಡು ಕಟ್ಟಿಕೊಂಡು ಹೊರಗೆ ಕಾಯುತ್ತಿರುವಾಗ, ಒಳಗೆ ಕ್ರಾಂತಿಯ ಹಳೆಯ ಪಟ್ಟಿ ನಡೆಯುತ್ತಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಹಳೆಯದನ್ನು ಬಿಸಾಡುವುದಲ್ಲ. ಫ್ರಿಪ್ ಅವರಂತೆ ಅದರ ಆಸನಗಳನ್ನು ಬದಲಿಸಬಹುದು. ರಶ್ ತಂಡದಂತೆ ಇಂದಿನಿಂದ ಆರಂಭಿಸಿ ಹಿಂದಕ್ಕೆ ನಡೆಯಬಹುದು. ಪ್ರತಿ ಕಾರ್ಯಕ್ರಮದಲ್ಲೂ ಯಾರೂ ಕೇಳದ ಒಂದು ಹಾಡಿಗೆ ಹದಿನೈದು ನಿಮಿಷ ಮೀಸಲಿಡಬಹುದು. ಮತ್ತು ಚೀಟಿ ಬರೆಯುವ ಕೈಗಳು ಯಾವುವು ಎಂದು ಎಣಿಸಬಹುದು.

ಈ ಕೊನೆಯ ಮಾತಿಗಾಗಿಯೇ ಕಾಕಿ ಬುಕಿತ್ ಮುಖ್ಯ. ಇಲ್ಲಿಯ ವಸತಿಗೃಹಗಳಲ್ಲಿ ದೂರದ ಊರುಗಳಿಂದ ಬಂದು ಈ ನಗರವನ್ನು ಕಟ್ಟುತ್ತಿರುವವರು ಮಲಗುತ್ತಾರೆ. 2014ರಲ್ಲಿ ಸಿಂಗಾಪುರದಲ್ಲಿ ವಲಸೆ ಕಾರ್ಮಿಕರ ಕವಿತಾ ಸ್ಪರ್ಧೆ ಆರಂಭವಾಯಿತು. ಬಂಗಾಳಿಯಲ್ಲಿ, ತಮಿಳಿನಲ್ಲಿ ಬರೆದ ಕಾರ್ಮಿಕರು ಅಲ್ಲಿ ವೇದಿಕೆ ಏರಿದ್ದಾರೆ. ಕನ್ನಡದ ಸಭೆಗಳಿಗೂ ಆ ವಸತಿಗೃಹಗಳಿಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ. ಮುಂದಿನ ರಾಜ್ಯೋತ್ಸವದ ಪಟ್ಟಿ ಬರೆಯುವ ಮೊದಲು ಸಂಘಟಕರಲ್ಲಿ ಇಬ್ಬರಾದರೂ ಆ ರಸ್ತೆ ದಾಟಿ, ಖಾಲಿ ಚೀಟಿಯೊಂದನ್ನು ಕೊಟ್ಟು ಬರಲಿ. ಅದರಲ್ಲಿ ಬರೆದು ಬರುವ ಹಾಡು ಯಾವ ಭಾಷೆಯದಾದರೂ ಇರಲಿ, ಅದನ್ನು ಮಡಚಿಡದೆ ಹಾಡಲಿ.