ಲೈನ್ ಮನೆಯ ಜ್ವರ

ಬೆಳಗೋಡು ಸೀಮೆಯ ಕಾಫಿ ತೋಟದಲ್ಲಿ ಸಾಹುಕಾರರಿಗೆ ಜ್ವರ ಬಂದರೂ, ಕೂಲಿಯವರ ಸಾಲುಮನೆಯಾದ ಲೈನ್ ಮನೆಯ ಆಳಿಗೆ ಬಂದರೂ ಥರ್ಮಾಮೀಟರ್ ಒಂದೇ ತೆರನಾಗಿ ಏರುತ್ತದೆ. ಆಮೇಲಿನ ದಾರಿ ಬೇರೆ. ಒಬ್ಬರು ಕಾರು ಹತ್ತಿ, ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯನ್ನೂ ದಾಟಿ ಹಾಸನಕ್ಕೋ ಮಂಗಳೂರಿಗೋ ಹೋದಾರು. ಇನ್ನೊಬ್ಬರು ಆ ದಿನದ ಕೂಲಿ, ಬಸ್ಸಿನ ಹೊತ್ತು, ಮಗುವನ್ನು ಯಾರ ಹತ್ತಿರ ಬಿಡುವುದು ಎಂದೆಲ್ಲ ಲೆಕ್ಕ ಹಾಕಿ, ಅಂಗಡಿಯ ಮಾತ್ರೆ ನುಂಗಿ ಹಣ್ಣು ಕೊಯ್ಯಲು ನಡೆಯುತ್ತಾರೆ.

1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. 1981ರಲ್ಲಿ ತಿದ್ದುಪಡಿಯಾದ ಮೇಲೂ 5 ಹೆಕ್ಟೇರಿಗಿಂತ ಚಿಕ್ಕದಾದ ಅಥವಾ 15 ಆಳೂ ಇಲ್ಲದ ತೋಟಗಳು ಸಾಮಾನ್ಯವಾಗಿ ಅದರ ಹೊರಗೇ ಉಳಿದವು. ಮಲೆನಾಡಿನಲ್ಲಿ ಅಂಥವೇ ಹೆಚ್ಚು ಅಲ್ಲವೇ?

ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿ, ಹೆಸರಿನಲ್ಲೇ ಸಮಾನತೆಯನ್ನು ಮುಂದಿಟ್ಟಿತ್ತು. ಈಗ ವಿಶ್ವವಿದ್ಯಾಲಯಗಳು ಇಂಥ ಅಸಮಾನತೆಯನ್ನೇ ಸರ್ಟಿಫಿಕೇಟ್ ಕೋರ್ಸಾಗಿ ಕಲಿಸುತ್ತವೆ. ಒಳ್ಳೆಯದೇ. ಆದರೆ ನನ್ನನ್ನು ಕೇಳಿದರೆ, ಮೊದಲ ತರಗತಿ ಆಶಾ ಕಾರ್ಯಕರ್ತೆಯ ಜೊತೆ ಜುಲೈ ಮಳೆಯಲ್ಲಿ ಲೈನ್ ಮನೆಗಳ ಸುತ್ತ ಆಗಬೇಕು. ಯಾರ ಮನೆಗೆ ಆಂಬುಲೆನ್ಸ್ ಹೋಗುತ್ತದೆ, ಯಾರನ್ನು ಟಾರು ರಸ್ತೆಯವರೆಗೆ ಹೊತ್ತು ತರಬೇಕು ಎಂಬುದು ಆಕೆಗೆ ಬಾಯಿಪಾಠ.