ಜೀವಕೋಶದ ಓಲೆಗಳು

ಹಳೆಯ ಹಸ್ತಪ್ರತಿಗಳೊಡನೆ ಕೆಲಸ ಮಾಡಿದ ವಿದ್ವಾಂಸರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮೂಲಗ್ರಂಥ ಎಲ್ಲಿಯೋ ಇರುತ್ತದೆ. ನಮ್ಮ ಕೈಸೇರುವುದು ಅದರ ಪ್ರತಿ. ಆ ಪ್ರತಿಯಲ್ಲಿ ನಡುನಡುವೆ ಪ್ರಕ್ಷಿಪ್ತಗಳು ಸೇರಿಕೊಂಡಿರುತ್ತವೆ. ಅವನ್ನು ಗುರುತಿಸಿ, ತೆಗೆದು, ಮುಂದಿನ ಹಿಂದಿನ ಪಾಠಗಳನ್ನು ಕೂಡಿಸುವುದು ಸಂಪಾದಕನ ಕೆಲಸ. ನಮ್ಮ ಜೀವಕೋಶಗಳ ಒಳಗೂ ಇಂಥ ಸಂಪಾದನಕಾರ್ಯವೊಂದು ಹಗಲಿರುಳೂ ನಡೆಯುತ್ತಿದೆ. ಅದರ ಬಗೆಯನ್ನು ಅರಿಯುವುದರಲ್ಲಿ ಅರ್ಧ ಶತಮಾನವನ್ನು ಕಳೆದ ಅಮೆರಿಕದ ವಿಜ್ಞಾನಿ ಜೋನ್ ಸ್ಟೈಟ್ಸ್ ಅವರ ಸಾಧನೆಯನ್ನು ಇಂದು ಪರಿಚಯಿಸಬಯಸುತ್ತೇನೆ.

ಜೀವಕೋಶದ ಮೂಲಗ್ರಂಥ ಡಿ.ಎನ್.ಎ. ಅದು ಕೋಶಕೇಂದ್ರದಲ್ಲಿ ಭದ್ರವಾಗಿರುತ್ತದೆ. ಯಾವುದಾದರೂ ಒಂದು ಪ್ರೋಟೀನು ಬೇಕಾದಾಗ ಆ ಗ್ರಂಥದ ಸಂಬಂಧಪಟ್ಟ ಭಾಗವಷ್ಟೇ ನಕಲಾಗುತ್ತದೆ. ಈ ನಕಲೇ ಆರ್.ಎನ್.ಎ. ಎಂಬ ಓಲೆ. ರೈಬೋಸೋಮುಗಳೆಂಬ ಕಣಗಳು ಅದನ್ನು ಓದಿ ಪ್ರೋಟೀನನ್ನು ಕಟ್ಟುತ್ತವೆ. ಮೂಲಗ್ರಂಥ ಬಾಳಿಕೆಯದು, ಓಲೆಯಾದರೋ ಅಲ್ಪಾಯು. ಬ್ಯಾಕ್ಟೀರಿಯಗಳಲ್ಲಿ ಅದರ ಆಯುಸ್ಸು ಕೆಲವೇ ನಿಮಿಷಗಳು. ಅದನ್ನು ತುಂಡರಿಸುವ ಕಿಣ್ವಗಳು ನಮ್ಮ ಬೆರಳ ತುದಿಯಲ್ಲಿಯೂ ಇವೆ, ಆದುದರಿಂದಲೇ ಆರ್.ಎನ್.ಎ.ಯೊಡನೆ ಕೆಲಸಮಾಡುವವರು ಕೈಗವಸಿಲ್ಲದೆ ಏನನ್ನೂ ಮುಟ್ಟುವುದಿಲ್ಲ.

ಜೋನ್ ಸ್ಟೈಟ್ಸ್ 1941ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಜನಿಸಿದರು. ವಿಜ್ಞಾನದಲ್ಲಿ ಆಸಕ್ತಿಯಿದ್ದರೂ ಸಂಶೋಧನೆಯಲ್ಲಿ ಉನ್ನತ ಸ್ಥಾನ ಪಡೆದ ಸ್ತ್ರೀಯರನ್ನು ಅವರು ಕಂಡಿರಲಿಲ್ಲ, ವೈದ್ಯೆಯರನ್ನು ಕಂಡಿದ್ದರು. ಹೀಗಾಗಿ ವೈದ್ಯಶಾಸ್ತ್ರವನ್ನೇ ಓದುವುದೆಂದು ತೀರ್ಮಾನಿಸಿದ್ದರು. 1963ರ ಬೇಸಗೆಯಲ್ಲಿ ಜೋಸೆಫ್ ಗಾಲ್ ಅವರ ಪ್ರಯೋಗಾಲಯದಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಅವಕಾಶ ದೊರೆತು ಮನಸ್ಸು ಬದಲಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ಅಲ್ಲಿ ಪ್ರಾಧ್ಯಾಪಕರೊಬ್ಬರು, ಮದುವೆಯಾಗಿ ಮಕ್ಕಳಾದ ಮೇಲೆ ಈ ಓದಿನಿಂದೇನು ಎಂದು ಕೇಳಿ ಮಾರ್ಗದರ್ಶನ ಮಾಡಲು ನಿರಾಕರಿಸಿದರು. ಅನಂತರ ಜೇಮ್ಸ್ ವಾಟ್ಸನ್ ಅವರ ಪ್ರಯೋಗಾಲಯದಲ್ಲಿ ಸ್ಥಳ ದೊರೆಯಿತು. ಅಲ್ಲಿಯ ಮೊದಲ ಸಂಶೋಧನ ವಿದ್ಯಾರ್ಥಿನಿ ಅವರೇ.

ಡಾಕ್ಟರೇಟ್ ಪದವಿಯ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅವರು ಕೈಗೆತ್ತಿಕೊಂಡ ಸಮಸ್ಯೆ, ರೈಬೋಸೋಮು ಓಲೆಯನ್ನು ಎಲ್ಲಿಂದ ಓದಲು ತೊಡಗುತ್ತದೆ ಎಂಬುದು. ತುಂಬ ಕಷ್ಟದ್ದೆಂದು ಇತರ ತರುಣ ಸಂಶೋಧಕರು ಅದನ್ನು ಬಿಟ್ಟಿದ್ದರು. ಕೆಲಸ ಹುಡುಕಬೇಕಾದವರಿಗೆ ಬೇಗನೆ ಫಲ ಬೇಕಾಗಿತ್ತು. ಪ್ರಾಧ್ಯಾಪಕ ಹುದ್ದೆ ತಮಗೆ ಸಿಕ್ಕೀತೆಂಬ ನಿರೀಕ್ಷೆಯೇ ಇಲ್ಲದ ಸ್ಟೈಟ್ಸ್ ಅವರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ. ವೈರಸ್ ಒಂದರ ಆರ್.ಎನ್.ಎ.ಗೆ ರೈಬೋಸೋಮುಗಳು ಅಂಟಿಕೊಳ್ಳುವಂತೆ ಮಾಡಿ, ಮೇಲೆ ಕಿಣ್ವವನ್ನು ಬಿಟ್ಟರು. ಬಯಲಲ್ಲಿದ್ದುದೆಲ್ಲ ನಾಶವಾಯಿತು, ರೈಬೋಸೋಮಿನ ಮರೆಯಲ್ಲಿದ್ದ ತುಣುಕುಗಳು ಉಳಿದವು. ಆ ತುಣುಕುಗಳ ಅಕ್ಷರಕ್ರಮವನ್ನು ಓದಿ, ಓದಿನ ಆರಂಭಸ್ಥಾನಗಳನ್ನು ಅವರು 1969ರಲ್ಲಿ ಪ್ರಕಟಿಸಿದರು. ಮರುವರ್ಷ ಯೇಲ್ ವಿಶ್ವವಿದ್ಯಾಲಯವನ್ನು ಸೇರಿದರು.

1977ರಲ್ಲಿ ಜೀವವಿಜ್ಞಾನವನ್ನು ಬೆರಗುಗೊಳಿಸಿದ ಸಂಗತಿ ಹೊರಬಿತ್ತು. ಉನ್ನತ ಜೀವಿಗಳ ಆರ್.ಎನ್.ಎ. ನಕಲಾದ ರೂಪದಲ್ಲಿಯೇ ಬಳಕೆಗೆ ಬರುವುದಿಲ್ಲ. ಅದರೊಳಗಿನ ಇಂಟ್ರಾನ್ ಎಂಬ ದೀರ್ಘ ಪ್ರಕ್ಷಿಪ್ತಗಳನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬೆಸೆದ ಮೇಲೆಯೇ ಅರ್ಥ ಕೂಡುತ್ತದೆ. ಒಂದೇ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಮುಂದಿನ ಪಾಠವೆಲ್ಲ ಕೆಡಬಹುದು. ಹಾಗಾದರೆ ಇಷ್ಟು ನಿಷ್ಕೃಷ್ಟವಾಗಿ ಕತ್ತರಿಸುವವರು ಯಾರು?

ಉತ್ತರದ ಸುಳಿವು ದೊರೆತದ್ದು ರೋಗಿಗಳ ರಕ್ತದಲ್ಲಿ. ಲೂಪಸ್ ಎಂಬುದು ಬೇಲಿಯೇ ಎದ್ದು ಹೊಲ ಮೇಯ್ದಂಥ ವ್ಯಾಧಿ. ಶತ್ರುಗಳನ್ನು ಎದುರಿಸಬೇಕಾದ ಪ್ರತಿಕಾಯಗಳು ಅದರಲ್ಲಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುತ್ತವೆ. ಕೆಲವರ ಪ್ರತಿಕಾಯಗಳು ಕೋಶಕೇಂದ್ರದಲ್ಲಿ ಯಾವುದೋ ವಸ್ತುವನ್ನು ಹಿಡಿಯುತ್ತವೆಂದು ವೈದ್ಯರು 1960ರ ದಶಕದಲ್ಲಿಯೇ ಕಂಡಿದ್ದರು. ಆ ವಸ್ತು ಏನೆಂಬುದು ತಿಳಿದಿರಲಿಲ್ಲ. ಸ್ಟೈಟ್ಸ್ ಮತ್ತು ಅವರ ವಿದ್ಯಾರ್ಥಿ ಮೈಕೇಲ್ ಲರ್ನರ್ ಈ ಪ್ರತಿಕಾಯಗಳನ್ನೇ ಗಾಳವಾಗಿ ಬಳಸಿದರು. 1979ರಲ್ಲಿ ಸಿಕ್ಕಿದ್ದು ಪ್ರೋಟೀನುಗಳೊಡನೆ ಬೆಸೆದುಕೊಂಡ ಪುಟ್ಟ ಆರ್.ಎನ್.ಎ. ಕಣಗಳು. ಅವುಗಳಲ್ಲಿ ಯು-1 ಎಂಬುದರ ಅಕ್ಷರಗಳು ಇಂಟ್ರಾನಿನ ಅಂಚಿನ ಅಕ್ಷರಗಳಿಗೆ ಜೋಡಿಯಾಗಿ ಹೊಂದುತ್ತಿದ್ದವು. ಕತ್ತರಿಸುವ ಸ್ಥಾನವನ್ನು ಗುರುತಿಸುವುದು ಈ ಕಣಗಳೇ ಇರಬೇಕೆಂದು 1980ರಲ್ಲಿ ಸೂಚಿಸಿದರು. 1983ರಲ್ಲಿ ಇದಕ್ಕೆ ಪ್ರಯೋಗದ ಆಧಾರ ದೊರೆಯಿತು. ಪ್ರತಿಕಾಯಗಳನ್ನು ಬೆರೆಸಿ ಯು-1 ಕಣವನ್ನು ತಡೆದಾಗ ಸಂಪಾದನಕಾರ್ಯವೇ ನಿಂತಿತು.

ಕತ್ತರಿಸಿ ಎಸೆದ ಇಂಟ್ರಾನುಗಳೆಲ್ಲ ಬರಿಯ ಕಸವಲ್ಲವೆಂಬುದನ್ನೂ ಈ ಪ್ರಯೋಗಾಲಯ ಕಂಡಿತು. 1996ರಲ್ಲಿ ವರ್ಣಿಸಿದ ಒಂದು ಜೀನಿನಲ್ಲಿ ಪರಿಸ್ಥಿತಿ ತಲೆಕೆಳಗಾಗಿದೆ: ಬೆಸೆದ ಪಾಠ ಬೇಗನೆ ನಾಶವಾಗುತ್ತದೆ, ತೆಗೆದುಹಾಕಿದ ಭಾಗಗಳೊಳಗಿನ ಚಿಕ್ಕ ಆರ್.ಎನ್.ಎ.ಗಳು ಉಳಿದು ಕೆಲಸ ಮಾಡುತ್ತವೆ.

ಓಲೆಯ ಅಳಿವೂ ಅದರ ಬರವಣಿಗೆಯಷ್ಟೇ ಮುಖ್ಯ. ಗಾಯವಾದಾಗ ಉರಿಯೂತವನ್ನು ಎಬ್ಬಿಸುವ ಆಜ್ಞೆ ಬೇಕು. ಆದರೆ ಅದು ಕೂಡಲೇ ಅಳಿಯಲೂ ಬೇಕು. ಅಂಥ ಓಲೆಗಳ ಬಾಲದ ಬಳಿ, ಬೇಗ ನಾಶಮಾಡಿ ಎಂಬ ಗುರುತಿನ ಅಕ್ಷರಗಳಿರುತ್ತವೆ. ಇಂಥ ಒಂದು ಓಲೆಯಿಂದ ಆ ಗುರುತನ್ನು ತೆಗೆದಾಗ ಇಲಿಗಳಿಗೆ ಸಂಧಿವಾತ ಬಂದುದನ್ನು 1999ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು. ಈ ಗುರುತಿಗೆ ಅಂಟಿ ಓಲೆಯನ್ನು ರಕ್ಷಿಸುವ ಒಂದು ಪ್ರೋಟೀನನ್ನು ಸ್ಟೈಟ್ಸ್ ಅವರ ಪ್ರಯೋಗಾಲಯ ಅಧ್ಯಯನ ಮಾಡಿತು. ವೈರಸ್‌ಗಳ ಜಾಣತನವನ್ನೂ ಅವರು ಬಯಲಿಗೆಳೆದರು. ಒಂದು ವೈರಸ್ಸು ತನ್ನ ಆರ್.ಎನ್.ಎ.ಯಿಂದ ಜೀವಕೋಶದ ಆರ್.ಎನ್.ಎ.ಯನ್ನು ಬೇಗ ಅಳಿಸುತ್ತದೆ. ಇನ್ನೊಂದು, ತನ್ನ ಓಲೆಯ ಬಾಲವನ್ನು ಮೂರೆಳೆಯ ಹುರಿಯಾಗಿ ಹೆಣೆದು ಅಳಿವಿನಿಂದ ಪಾರಾಗುತ್ತದೆ.

ಈ ಜ್ಞಾನ ಪುಸ್ತಕದಲ್ಲಿಯೇ ಉಳಿಯಲಿಲ್ಲ. ಬೆನ್ನುಹುರಿಯ ನರಕೋಶಗಳು ಸಾಯುತ್ತ ಹೋಗಿ ಹಸುಳೆಗಳ ಸ್ನಾಯುಗಳು ಕ್ಷಯಿಸುವ ಒಂದು ಆನುವಂಶಿಕ ರೋಗವಿದೆ. ಅವರಲ್ಲಿ ಕೊರತೆಯಾಗುವ ಪ್ರೋಟೀನು, ಸ್ಟೈಟ್ಸ್ ಕಂಡ ಕಣಗಳನ್ನು ಜೋಡಿಸುವುದೇ ಆಗಿದೆ. ಅದನ್ನು ಕೊಡಬಲ್ಲ ಮತ್ತೊಂದು ಜೀನು ದೇಹದಲ್ಲಿದ್ದರೂ, ಸಂಪಾದನೆಯಲ್ಲಿ ಅದರ ಓಲೆಯ ಒಂದು ಅಗತ್ಯದ ಭಾಗ ಬಿಟ್ಟುಹೋಗುತ್ತದೆ. ಆ ಭಾಗವನ್ನು ಉಳಿಸಿಕೊಳ್ಳುವಂತೆ ಮಾಡುವ ಔಷಧಿಗೆ 2016ರ ಡಿಸೆಂಬರಿನಲ್ಲಿ ಅಮೆರಿಕ ಮನ್ನಣೆ ನೀಡಿತು. ಅದನ್ನು ರೂಪಿಸಿದವರು ಬೇರೆಯವರು. ಆದರೆ ಸಂಪಾದನೆಯ ಬಗೆ ತಿಳಿಯದೆ ಅದನ್ನು ತಿದ್ದುವ ಮಾತೇ ಏಳುತ್ತಿರಲಿಲ್ಲ.

2018ರಲ್ಲಿ ಸ್ಟೈಟ್ಸ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂದಿತು. ಆರ್.ಎನ್.ಎ. ಸಂಶೋಧನೆಯ ಜೊತೆಗೆ ಶಿಷ್ಯರನ್ನು ಬೆಳೆಸಿದ್ದನ್ನೂ, ವಿಜ್ಞಾನದಲ್ಲಿ ಸ್ತ್ರೀಯರ ಪರವಾಗಿ ನಿಂತದ್ದನ್ನೂ ಅದು ಗೌರವಿಸಿತು. ಅವರ ವೃತ್ತಿಜೀವನವನ್ನು ನೋಡಿದಾಗ ಎದ್ದು ಕಾಣುವುದು ಒಂದೇ ಗುಣ: ಇತರರು ಕೈಬಿಟ್ಟ ಸಮಸ್ಯೆ, ರೋಗಿಯ ಕೆಟ್ಟ ರಕ್ತ, ಕೋಶ ಕತ್ತರಿಸಿ ಬಿಸುಟ ತುಣುಕು, ಇವುಗಳಲ್ಲಿ ಯಾವುದನ್ನೂ ಅವರು ನಿರುಪಯೋಗಿಯೆಂದು ತಳ್ಳಲಿಲ್ಲ. ತಮ್ಮನ್ನೇ ಸುಡುತ್ತಿದ್ದ ವ್ಯಾಧಿಯ ನಡುವೆ ಒಂದಿಷ್ಟು ರಕ್ತವನ್ನು ಕೊಟ್ಟ ರೋಗಿಗಳನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಎಲ್ಲ ಆರೋಗ್ಯವಂತರ ಜೀವಕೋಶಗಳೊಳಗೆ ನಡೆಯುತ್ತಿರುವ ಕೆಲಸ ಕಣ್ಣಿಗೆ ಬಿದ್ದದ್ದು ಅವರಿಂದ.